ಬಾನೆಟ್ ಒಳಗಿನ ಕಂಪ್ರೆಸರ್, ಕ್ಲಿಪ್ ಪಂಪು, ಲೈಟರ್ ಪಂಪು: ಮೂರೂ ಬಳಸಿದ್ಮೇಲೆ ನನ್ನ ಲೆಕ್ಕ

ಮೊದ್ಲೇ ಹೇಳ್ಬಿಡ್ತೀನಿ, ಟೈರಿಗೆ ಗಾಳಿ ಹೊಡೆಯೋಕೆ ನನ್ನ ಓಟು ಬಾನೆಟ್ ಒಳಗೆ ಪರ್ಮನೆಂಟಾಗಿ ಕೂರಿಸಿರೋ ಕಂಪ್ರೆಸರ್‌ಗೇ. ಶುರುವಲ್ಲಿ ಅದು ಕೊಟ್ಟ ಕಾಟ ಅಷ್ಟಿಷ್ಟಲ್ಲ, ಬಿಚ್ಚಿ ಯಾರಿಗಾದ್ರೂ ಮಾರ್ಬಿಡೋಣ ಅನ್ನೋವರೆಗೂ ಬಂದಿತ್ತು, ಆದ್ರೂ ಈಗ ಅದಿಲ್ದೆ ತೋಟದ ಕಡೆ ಹೊರಡೋ ಮಾತೇ ಇಲ್ಲ.

ನನ್ನ ಬಳಕೆ ಹೇಗಂತ ಗೊತ್ತಾದ್ರೆ ಮುಂದಿನದು ಅರ್ಥ ಆಗುತ್ತೆ. ಗಾಡಿ ಥಾರ್ ಡೀಸೆಲ್, 2020ರಲ್ಲಿ ಬಂತಲ್ಲ ಆ ಮಾಡೆಲ್ಲು, ಟೈರು ಸೈಜು 245/75 ಆರ್ 16. ಬೆಂಗಳೂರಿಂದ ಮೂಡಿಗೆರೆ ಹತ್ರ ಮಾವನ ತೋಟಕ್ಕೆ ಆಗಾಗ ಹೋಗ್ತಿರ್ತೀವಿ. ಟಾರು ಮುಗಿದ್ಮೇಲೆ ಒಂದೇ ಸಮನೆ ಏರು, ಮಳೆಗಾಲದಲ್ಲಿ ಆ ಕೆಂಪು ಮಣ್ಣು ಬೆಣ್ಣೆ ಮೆತ್ತಿದ ಹಾಗಿರುತ್ತೆ, ಫೋರ್ ಲೋ (ನಾಲ್ಕೂ ಚಕ್ರಕ್ಕೆ ಎಳೆತ ಕೊಡೋ ನಿಧಾನದ ಗೇರು) ಹಾಕಿದ್ರೂ ಗಾಡಿ ಅಡ್ಡಡ್ಡ ಜಾರುತ್ತೆ. ನಾಲ್ಕೂ ಟೈರಿಂದ ಗಾಳಿ ಬಿಟ್ಟು 18 ಪಿಎಸ್‌ಐಗೆ (ಪಿಎಸ್‌ಐ ಅಂದ್ರೆ ಗಾಳಿ ಒತ್ತಡದ ಅಳತೆ) ತಂದ್ರೆ ಅದೇ ಏರು ಸದ್ದಿಲ್ದೆ ಹತ್ತುತ್ತೆ, ಯಾಕಂದ್ರೆ ಟೈರು ನೆಲಕ್ಕೆ ಉದ್ದಕ್ಕೆ ಕೂತ್ಕೊಳುತ್ತೆ, ಹಿಡಿತ ಸಿಗುತ್ತೆ. ಆದ್ರೆ ವಾಪಸ್ ಟಾರಿಗೆ ಬಂದ್ಮೇಲೆ 32ಕ್ಕೆ ಏರಿಸ್ಲೇಬೇಕು, ಅಷ್ಟು ಕಮ್ಮಿ ಗಾಳೀಲಿ ಹೈವೇಲಿ ಓಡಿಸಿದ್ರೆ ಸೈಡ್‌ವಾಲು, ಅಂದ್ರೆ ಟೈರಿನ ಪಕ್ಕದ ಗೋಡೆ, ಕಾದು ಟೈರೇ ಹೋಗುತ್ತೆ. ಪಂಚರ್ ಅಂಗಡಿ ಸಿಗೋದು ಪೇಟೆಗೆ ಬಂದ್ಮೇಲೆನೇ. ಅಂದ್ರೆ ಪ್ರತಿ ಸಲ ನಾಲ್ಕು ದೊಡ್ಡ ಟೈರಿಗೆ ರಸ್ತೆ ಪಕ್ಕ ನಿಂತು ಗಾಳಿ ಹೊಡ್ಕೋಬೇಕು, ಎಷ್ಟೋ ಸಲ ಮಳೇಲೇ.

ಲೈಟರ್ ಸಾಕೆಟ್ಟಿಗೆ ಚುಚ್ಚೋ ಪಂಪು ಎಲ್ಲರ ಹತ್ರನೂ ಇರುತ್ತೆ, ನನ್ನ ಹತ್ರನೂ ಇತ್ತು. ಆ ಸಾಕೆಟ್ ಫ್ಯೂಸು ಸಾಮಾನ್ಯವಾಗಿ 15 ಇಲ್ಲ 20 ಆಂಪ್ಸು, ಪಂಪು ಅದಕ್ಕಿಂತ ಕಮ್ಮಿನೇ ಎಳೀಬೇಕು, ಹಾಗಾಗಿ ಎಷ್ಟೇ ಒಳ್ಳೇದು ತಗೊಂಡ್ರೂ ಅದರ ದಮ್ಮು ಅಷ್ಟೇ. ಹೈವೇಲಿ ಒಂದು ಟೈರಲ್ಲಿ 5 ಪಿಎಸ್‌ಐ ಕಮ್ಮಿ ಆಗಿದ್ರೆ ಚೆನ್ನಾಗೇ ಆಗುತ್ತೆ. ನಾಲ್ಕು ಟೈರು 18ರಿಂದ 32ಕ್ಕೆ ಅಂದ್ರೆ ಎರಡನೇದಕ್ಕೇ ಪಂಪು ಮುಟ್ಟಕ್ಕಾಗದಷ್ಟು ಕಾಯುತ್ತೆ, ಆರೋವರೆಗೂ ಸುಮ್ನೆ ನಿಲ್ಬೇಕು. ಚಾರ್ಜಿಂಗ್ ಬ್ಯಾಟರಿ ಇರೋ ಕೈಪಂಪುಗಳದ್ದೂ ಇದೇ ಕಥೆ.

ಬ್ಯಾಟರಿಗೆ ನೇರ ಕ್ಲಿಪ್ ಹಾಕೋ ಪೋರ್ಟಬಲ್ ಕಂಪ್ರೆಸರ್ ಬೇರೆ ಜಾತಿನೇ. 30 ಆಂಪ್ಸ್ ಆಸುಪಾಸು ಎಳೆಯುತ್ತೆ, ಒಂದು ಟೈರು ಮೂರ್ನಾಲ್ಕು ನಿಮಿಷದಲ್ಲಿ ಮುಗಿಸುತ್ತೆ. ಕೆಲಸದ ವಿಷಯದಲ್ಲಿ ಒಂದು ಮಾತು ಆಡೋ ಹಾಗಿಲ್ಲ. ನನಗೆ ಕಷ್ಟ ಆಗಿದ್ದು ಅದನ್ನ ಹರಡಿ ಮತ್ತೆ ಎತ್ತಿಡೋದು. ಡಿಕ್ಕಿ ತೆಗಿ, ಸಾಮಾನೆಲ್ಲ ಸರಿಸಿ ಬ್ಯಾಗ್ ಎಳಿ, ಬಾನೆಟ್ ಎತ್ತು, ಮಳೇಲಿ ಕ್ಲಿಪ್ ಹಾಕು, ಕೆಸರಲ್ಲಿ ಇಡಕ್ಕೆ ಒಂದು ಗೋಣಿಚೀಲ ಹುಡುಕು, ಎಲ್ಲಾ ಆದ್ಮೇಲೆ ಆ ಕೆಸರು ಹತ್ತಿದ್ದನ್ನ ವಾಪಸ್ ಮಕ್ಕಳ ಬಟ್ಟೆ ಬ್ಯಾಗ್ ಪಕ್ಕ ತುರುಕು. ಥಾರ್ ಡಿಕ್ಕಿ ಎಷ್ಟು ಚಿಕ್ಕದು ಅಂತ ಇಟ್ಕೊಂಡೋರಿಗೆ ಗೊತ್ತು. ವರ್ಷಕ್ಕೊಂದೆರಡು ಸಲ ಬಳಸೋರಿಗೆ ಇದೇನೂ ತೊಂದರೆ ಅಲ್ಲ, ನನ್ನಂಥೋರಿಗೆ ಆಗ್ಲಿಲ್ಲ.

ಹಂಗಾಗಿ ಬಾನೆಟ್ ಒಳಗೆ ಕೂರಿಸೋದನ್ನ ಹಾಕಿಸ್ದೆ. ಸಿಂಗಲ್ ಸಿಲಿಂಡರು, ಡ್ಯಾಶಲ್ಲಿ ಸ್ವಿಚ್ಚು, ಮುಂದೆ ಗ್ರಿಲ್ ಹತ್ರ ಹೋಸ್ ಸಿಕ್ಕಿಸೋ ಕಪ್ಲರ್. ಇನ್ನು ಕಾಟದ ವಿಷಯ.

ಎರಡು ಟೈರು ಸಲೀಸಾಗಿ ತುಂಬೋದು, ಮೂರನೇದು 27, 28 ಬರೋ ಹೊತ್ತಿಗೆ ಮೋಟರ್ ಸದ್ದು ಎಳೆದಾಡೋಕೆ ಶುರು, ಆಮೇಲೆ ಟಕ್ ಅಂತ ಬಂದ್. ಸ್ವಿಚ್ ಲೈಟು ಮಾತ್ರ ಉರೀತಾನೇ ಇರೋದು, ಫ್ಯೂಸು ಸರಿ ಇರೋದು. ಇಪ್ಪತ್ತು ನಿಮಿಷ ಬಿಟ್ಟು ನೋಡಿದ್ರೆ ಏನೂ ಆಗಿಲ್ಲ ಅನ್ನೋ ಹಾಗೆ ಮತ್ತೆ ಓಡೋದು. ಫಿಟ್ ಮಾಡಿದ ಅಂಗಡಿಯವ್ರನ್ನ ಕೇಳಿದ್ರೆ "ಸಾರ್, ಅದು ಥರ್ಮಲ್ ಕಟಾಫು (ಜಾಸ್ತಿ ಕಾದ್ರೆ ತಾನಾಗೇ ನಿಲ್ಲೋದು), ಎಂಜಿನ್ ಪಕ್ಕ ಬಿಸಿ ಜಾಸ್ತಿ ಅಲ್ವಾ, ಹಾಗೇ ಆಗೋದು, ದೊಡ್ಡದು ಹಾಕಿಸ್ಕೊಳ್ಳಿ" ಅಂದ್ರು. ಥರ್ಮಲ್ ಕಟ್ ಆಗ್ತಿದ್ದದ್ದು ನಿಜ. ಆದ್ರೆ ಡಬ್ಬದ ಮೇಲೆ ಬರೆದಿರೋ ಡ್ಯೂಟಿ ಸೈಕಲ್ (ಎಷ್ಟು ಹೊತ್ತು ಓಡಿಸಿ ಎಷ್ಟು ಹೊತ್ತು ಆರಿಸ್ಬೇಕು ಅನ್ನೋ ಲೆಕ್ಕ) ಪ್ರಕಾರ ನಾಲ್ಕು ಟೈರು ಆರಾಮಾಗಿ ಆಗ್ಬೇಕಿತ್ತು, ಅಷ್ಟು ಬೇಗ ಯಾಕೆ ಕಾಯ್ತಿದೆ ಅನ್ನೋದಕ್ಕೆ ಅವ್ರ ಹತ್ರ ಉತ್ತರ ಇರ್ಲಿಲ್ಲ.

ಉತ್ತರ ಸಿಕ್ಕಿದ್ದು ಒಂದು ಮಾಮೂಲಿ ಮಲ್ಟಿಮೀಟರಲ್ಲಿ. ಇದನ್ನ ಯಾರು ಬೇಕಾದ್ರೂ ಮಾಡ್ಬಹುದು, ಮುಖ್ಯ ಏನಂದ್ರೆ ಕಂಪ್ರೆಸರ್ ಟೈರಿಗೆ ಗಾಳಿ ಹೊಡೀತಾ ಇರೋವಾಗ್ಲೇ ಅಳೀಬೇಕು, ಲೋಡ್ ಇಲ್ದೆ ಅಳೆದ್ರೆ ಎಲ್ಲಾ ಸರಿಯಾಗೇ ತೋರಿಸುತ್ತೆ. ಎಂಜಿನ್ ಸ್ಟಾರ್ಟಲ್ಲಿ ಬ್ಯಾಟರಿ ಮೇಲೆ 13.9 ವೋಲ್ಟು, ಕಂಪ್ರೆಸರ್ ಪ್ಲಗ್ಗಲ್ಲಿ ನೋಡಿದ್ರೆ ಬರೀ 11.3. ಎರಡೂವರೆ ವೋಲ್ಟು ದಾರೀಲೇ ಎಲ್ಲೋ ಸೋರಿ ಹೋಗಿದೆ. ಎಲ್ಲಿ ಅಂತ ಹಿಡಿಯೋಕೆ ಮೀಟರಿನ ಒಂದು ಕಡ್ಡಿ ಬ್ಯಾಟರಿ ಪ್ಲಸ್ಸಿಗೆ, ಇನ್ನೊಂದು ಕಂಪ್ರೆಸರ್ ಪ್ಲಸ್ಸಿಗೆ ಹಿಡಿದೆ, ಫ್ಯೂಸು, ರಿಲೇ (ಚಿಕ್ಕ ಸ್ವಿಚ್ಚಿಂದ ದೊಡ್ಡ ಕರೆಂಟ್ ಆನ್ ಮಾಡೋ ಡಬ್ಬಿ), ವೈರು ಎಲ್ಲಾ ಸೇರಿ ಅರ್ಧ ವೋಲ್ಟು, ಪರವಾಗಿಲ್ಲ. ಅದೇ ಥರ ಮೈನಸ್ಸಿಂದ ಮೈನಸ್ಸಿಗೆ ಹಿಡಿದ್ರೆ 2.1. ಅಂದ್ರೆ ಅರ್ತಿಂಗೇ, ಮೈನಸ್ ವೈರನ್ನ ಗಾಡಿಯ ಲೋಹಕ್ಕೆ ಕಟ್ಟಿರೋ ಜಾಯಿಂಟೇ, ಸರಿ ಇಲ್ಲ.

ಬೋಲ್ಟ್ ಬಿಚ್ಚಿ ನೋಡಿದ್ರೆ, ಅರ್ತ್ ವೈರಿನ ಲಗ್ಗನ್ನ (ವೈರ್ ತುದೀಲಿರೋ ಲೋಹದ ಉಂಗುರ) ಪೇಂಟ್ ಕೆರೀದೆ ಹಾಗೇ ಬ್ರಾಕೆಟ್ ಮೇಲೆ ಕೂರಿಸಿದ್ರು. ಬೋಲ್ಟಿನ ಎಳೆಗಳಿಂದ ಮಾತ್ರ ಕರೆಂಟು ಹೋಗ್ತಿತ್ತು, ಲಗ್ಗಿನ ಒಂದು ಅಂಚು ಕಾದು ನೀಲಿ ಬಣ್ಣಕ್ಕೆ ತಿರುಗಿತ್ತು, ಪಕ್ಕದ ವೈರಿನ ಸಿಪ್ಪೆ ಮುಟ್ಟಿದ್ರೆ ಪುಡಿ ಪುಡಿ. 30 ಆಂಪ್ಸ್ ಹೋಗೋ ಜಾಗದಲ್ಲಿ ಒಂದು ಓಮಿನ ನೂರರಲ್ಲಿ ಏಳು ಭಾಗ (0.07 ಓಮ್) ಅಡ್ಡಿ ಇದ್ರೂ ಸಾಕು, 2.1 ವೋಲ್ಟು ಅಲ್ಲೇ ಹೋಗುತ್ತೆ. ವೋಲ್ಟೇಜ್ ಕಮ್ಮಿ ಆದ್ರೆ ಮೋಟರ್ ನಿಧಾನ ತಿರುಗುತ್ತೆ, ಆದ್ರೆ ಟೈರಿನ ಪ್ರೆಶರ್ ಅಷ್ಟೇ ಇರೋದ್ರಿಂದ ಎಳೆಯೋ ಕರೆಂಟೇನೂ ಕಮ್ಮಿ ಆಗಲ್ಲ, ಒಂದೊಂದು ಟೈರಿಗೂ ಜಾಸ್ತಿ ಹೊತ್ತು ಓಡ್ಬೇಕು, ಕಾಯ್ತಾ ಹೋಗುತ್ತೆ, ಕೊನೆಗೆ ಥರ್ಮಲ್ ಕಟ್. ಇದಕ್ಕೆ ದೊಡ್ಡ ಕಂಪ್ರೆಸರ್ ಹಾಕಿಸಿದ್ರೆ ಆಂಪ್ಸ್ ಇನ್ನೂ ಜಾಸ್ತಿ, ಅದೇ ಕೆಟ್ಟ ಜಾಯಿಂಟಲ್ಲಿ ಇನ್ನೂ ಜಾಸ್ತಿ ನಷ್ಟ. ಯೋಚ್ನೆ ಮಾಡಿದ್ರೆ ಈಗ್ಲೂ ಸಿಟ್ಟು ಬರುತ್ತೆ, ಸಾವಿರಾರು ರೂಪಾಯಿ ಖರ್ಚು ಮಾಡಿಸೋ ಮುಂಚೆ ಒಂದು ಬೋಲ್ಟ್ ಬಿಚ್ಚಿ ನೋಡ್ಬೇಕಿತ್ತು ಅವ್ರು.

ನಮ್ಮೂರ ಬ್ಯಾಟರಿ ಅಂಗಡಿ ಅಣ್ಣ ಒಬ್ರು ಅರ್ಧ ಗಂಟೇಲಿ ಸರಿ ಮಾಡಿಕೊಟ್ರು. 10 ಸ್ಕ್ವೇರ್ ಎಂಎಂ ವೈರು, ತಾಮ್ರದ ಲಗ್ಗು, ಸರಿಯಾದ ಕ್ರಿಂಪಿಂಗ್ ಟೂಲಲ್ಲಿ ಒತ್ತಿ (ಕಟಿಂಗ್ ಪ್ಲೇಯರಲ್ಲಿ ಜಜ್ಜೋದಲ್ಲ), ಚಾಸಿ (ಗಾಡಿಯ ಲೋಹದ ಚೌಕಟ್ಟು) ಅರ್ತ್ ಬೋಲ್ಟಿನ ಜಾಗದಲ್ಲಿ ಪೇಂಟ್ ಕೆರೆದು ಬೆಳ್ಳಗೆ ಲೋಹ ಕಾಣೋ ಹಾಗೆ ಮಾಡಿ ಕೂರಿಸಿದ್ರು, ಮೇಲೆ ತುಕ್ಕು ಹಿಡೀದಂಗೆ ಗ್ರೀಸು. ನೆಗೆಟಿವ್ ಟರ್ಮಿನಲ್ ಮೇಲೆ ಬ್ಯಾಟರಿ ಸೆನ್ಸರ್ (ಬ್ಯಾಟರಿಗೆ ಹೋಗಿ ಬರೋ ಕರೆಂಟ್ ಅಳೆಯೋದು) ಇರೋ ಗಾಡಿ ಆದ್ರೆ ನೇರ ಟರ್ಮಿನಲ್‌ಗೆ ಕಟ್ಬೇಡಿ, ಸೆನ್ಸರ್ ದಾಟಿ ಚಾಸಿ ಕಡೆಗೇ ಕೊಡಿ, ಇಲ್ಲಾಂದ್ರೆ ಬ್ಯಾಟರಿ ಲೆಕ್ಕ ತಪ್ಪುತ್ತೆ. ಈಗ ಲೋಡಲ್ಲಿ ಪ್ಲಗ್ ಹತ್ರ 13.3 ಬರ್ತಿದೆ, ನಾಲ್ಕೂ ಟೈರು ಒಂದೇ ಓಟಕ್ಕೆ ಮುಗಿಯುತ್ತೆ, ಸ್ಟೆಪ್ನಿ ಬೇಕಾದ್ರೂ ತುಂಬಿಸ್ಕೋಬಹುದು.

ಗಾಳಿ ತುಂಬಿಟ್ಕೊಳ್ಳೋ ಟ್ಯಾಂಕು ನಾನು ಹಾಕಿಸಿಲ್ಲ, ಟೈರಿಗಷ್ಟೇ ಆದ್ರೆ ಬೇಕಾಗಲ್ಲ. ಟ್ಯಾಂಕ್ ಇರೋರಿಗೆ ಎರಡು ಮಾತು: ಗಾಡಿ ನಿಂತಿದ್ರೂ ಕಂಪ್ರೆಸರ್ ತಾನಾಗೇ ಆಗಾಗ ಆನ್ ಆಗ್ತಿದ್ರೆ ಎಲ್ಲೋ ಗಾಳಿ ಸೋರ್ತಿದೆ, ಪ್ರತಿ ಜಾಯಿಂಟಿಗೂ ಸೋಪಿನ ನೀರು ಹಚ್ಚಿ ಗುಳ್ಳೆ ನೋಡಿ, ರಿಲೇನ ಇಗ್ನಿಷನ್ ಲೈನಿಂದಾನೇ ಕೊಡಿಸಿ, ಬೆಳಗ್ಗೆ ಬ್ಯಾಟರಿ ಡೌನ್ ಆಗಿರೋದು ತಪ್ಪುತ್ತೆ. ಟ್ಯಾಂಕ್ ತುಂಬಿದ್ಮೇಲೆ ಮತ್ತೆ ಸ್ಟಾರ್ಟ್ ಆಗೋವಾಗ ಮೋಟರ್ ಗೊರ್ ಅಂದು ಫ್ಯೂಸ್ ಹೋಗ್ತಿದ್ರೆ ಚೆಕ್ ವಾಲ್ವ್ (ಗಾಳಿ ವಾಪಸ್ ಬರದಂಗೆ ತಡೆಯೋದು) ನೋಡಿ, ಅದು ಕೆಟ್ಟಿದ್ರೆ ಟ್ಯಾಂಕಿನ ಪ್ರೆಶರ್ ವಾಪಸ್ ಪಿಸ್ಟನ್ ಮೇಲೆ ಕೂತಿರುತ್ತೆ.

ದುಡ್ಡಿನ ವಿಷಯ: ಫಿಟ್ಟಿಂಗ್, ವೈರಿಂಗ್ ಎಲ್ಲಾ ಸೇರಿ ನನಗೆ ಕ್ಲಿಪ್ ಪಂಪಿನ ಮೂರು ಪಟ್ಟು ಹತ್ತಿರ ಆಯ್ತು. ಆಗಾಗ ಗಾಳಿ ಇಳಿಸಿ ಏರಿಸೋ ನನಗೆ ಅದು ದುಬಾರಿ ಅನ್ನಿಸ್ಲಿಲ್ಲ. ನನ್ನ ಬಾಮೈದ ಜಿಮ್ನಿ ತಗೊಂಡಿದ್ದಾನೆ, ಅದರ ಟೈರು 195/80 ಆರ್ 15, ನನ್ನದಕ್ಕಿಂತ ಚಿಕ್ಕದು, ಗಾಳಿನೂ ಕಮ್ಮಿ ಹಿಡಿಯುತ್ತೆ, ಅವನು ಮಣ್ಣಿಗೆ ಇಳಿಯೋದೇ ಅಪರೂಪ. ಅವನಿಗೆ ಕ್ಲಿಪ್ ಪಂಪೇ ಸಾಕು ಅಂದೆ, ನನ್ನ ಹಳೇದನ್ನೇ ಕೊಟ್ಟಿದ್ದೀನಿ. ನೀವು ಹಾಕಿಸೋದಾದ್ರೆ ಅಂಗಡಿಯಿಂದ ಗಾಡಿ ತೆಗೆಯೋ ಮುಂಚೆ ಅಲ್ಲೇ ಒಂದು ಟೈರಿಂದ ಗಾಳಿ ಬಿಟ್ಟು, ವಾಪಸ್ ತುಂಬಿಸ್ತಾ ಮೀಟರ್ ಹಿಡಿದು ತೋರಿಸಿ ಅಂತ ಕೇಳಿ, ಬ್ಯಾಟರಿಗೂ ಕಂಪ್ರೆಸರಿಗೂ ಒಂದು ವೋಲ್ಟಿಗಿಂತ ಜಾಸ್ತಿ ವ್ಯತ್ಯಾಸ ಇದ್ರೆ ದುಡ್ಡು ಕೊಡ್ಬೇಡಿ.