ತಲೆದಂಡವೋ, ತಪ್ಪುಕಾಣಿಕೆಯೋ: ನಾನು ಕಂಡ ಮೂರು ಬಗೆಯ ಬ್ಯಾನ್

ಆನ್‌ಲೈನ್ ಆಟದಲ್ಲಿ ತಪ್ಪಿತಸ್ಥನನ್ನು ಹೊರಗಿಡುವ ಮೂರು ಪದ್ಧತಿಗಳ ರುಚಿ ನನಗೆ ಸಿಕ್ಕಿದೆ. ಒಂದರಲ್ಲಿ ಆರೋಪಿಯಾಗಿದ್ದೆ, ಒಂದರಲ್ಲಿ ಆರೋಪಿಯ ಅಪ್ಪನಾಗಿದ್ದೆ, ಇನ್ನೊಂದರಲ್ಲಿ ನ್ಯಾಯ ಹೇಳುವ ಪೀಠದಲ್ಲೇ ಕೂತಿದ್ದೆ. ಹಗಲೆಲ್ಲ ಮುಂಬೈಯ ಫೋರ್ಟ್‌ನ ಕಚೇರಿಯೊಂದರಲ್ಲಿ ಲೆಕ್ಕಪತ್ರ ತಪಾಸಣೆ ಮಾಡುವವನಾದ್ದರಿಂದ ಇವನ್ನೂ ಹಾಗೇ ಒಂದರ ಪಕ್ಕ ಒಂದಿಟ್ಟು ನೋಡುವ ಚಾಳಿ.

ಮೊದಲು ಅಪ್ಪನ ಪಾಡು. ಹತ್ತನೆಯ ತರಗತಿಯ ಮಗನಿಗೆ ಡೊಂಬಿವಲಿ ಸ್ಟೇಷನ್ ಹತ್ತಿರದ ಅಂಗಡಿಯೊಂದರಲ್ಲಿ 7,500 ರೂಪಾಯಿಗೆ ಸೆಕೆಂಡ್ ಹ್ಯಾಂಡ್ ಫೋನ್ ಕೊಡಿಸಿದೆ. ಅವನು ಗೆಳೆಯರೊಡನೆ ಆಡುವ ಗುಂಡು ಹಾರಿಸುವ ಆಟದ ಹಳೆಯ ಖಾತೆಯನ್ನು ಅದರಲ್ಲಿ ತೆರೆದ. ಮೂರನೆಯ ದಿನ ಸಂಜೆ ಪರದೆಯ ಮೇಲೆ ಒಂದೇ ಸಾಲು: ನಿಯಮ ಉಲ್ಲಂಘನೆಗಾಗಿ ಶಾಶ್ವತ ನಿಷೇಧ. ಯಾವ ನಿಯಮ, ಯಾವ ದಿನ, ಯಾವ ಪಂದ್ಯ, ಏನೂ ಇಲ್ಲ. ಆ ಖಾತೆಯಲ್ಲಿ ಎರಡು ವರ್ಷದ ಆಟವಿತ್ತು. ಬಂದೂಕಿಗೆ ಬಣ್ಣ, ವೀರನಿಗೆ ಅಂಗಿ ಎಂದು ನನ್ನಿಂದ ಆಗಾಗ ಕಿತ್ತುಕೊಂಡ 2,300 ರೂಪಾಯಿಯೂ ಇತ್ತು. ಜೀವಾವಧಿ ಶಿಕ್ಷೆಯಾದವನ ಬಿಡುಗಡೆಯನ್ನೂ ಹದಿನಾಲ್ಕು ವರ್ಷದ ನಂತರ ಸರ್ಕಾರ ಪರಿಶೀಲಿಸಬಹುದು. ಇಲ್ಲಿ ಅದಕ್ಕೂ ದಾರಿಯಿಲ್ಲ.

ಮೊದಲು ನಾನು ಮಗನನ್ನೇ ಬೈದೆ. ಅದನ್ನು ಒಪ್ಪಿಕೊಳ್ಳಬೇಕು. ಅವನು ಅತ್ತ ರೀತಿ ನೋಡಿದ ಮೇಲೆ ಸಂಶಯ ಬಂದು ಕಚೇರಿಯ ಬುದ್ಧಿ ಓಡಿಸಿದೆ. ಹೊಸದೊಂದು ಖಾತೆಯನ್ನು ನನ್ನ ಫೋನಿನಲ್ಲಿ ತೆರೆದೆ, ಸಲೀಸಾಗಿ ನಡೆಯಿತು. ಇನ್ನೊಂದನ್ನು ಅವನ ಫೋನಿನಲ್ಲಿ ತೆರೆದೆ, ಬಾಗಿಲಲ್ಲೇ ತಡೆಯಿತು. ಫೋನನ್ನು ಪೂರ್ತಿ ಅಳಿಸಿ ಹೊಸದಾಗಿ ಶುರು ಮಾಡಿದರೂ ಅಷ್ಟೇ. ಅಂದರೆ ಬ್ಯಾನ್ ಬಿದ್ದದ್ದು ಹುಡುಗನ ಮೇಲಲ್ಲ, ಫೋನಿನ ಮೇಲೆ. ಫೋನಿನ ಹಿಂದಿನ ಯಜಮಾನ ಯಾರೋ ಹ್ಯಾಕ್, ಅಂದರೆ ಆಟದಲ್ಲಿ ಮೋಸಕ್ಕೆ ನೆರವಾಗುವ ತಂತ್ರಾಂಶ, ಬಳಸಿ ಸಿಕ್ಕಿಬಿದ್ದು, ಅದನ್ನು ಅಂಗಡಿಗೆ ಮಾರಿ ಕೈತೊಳೆದುಕೊಂಡಿದ್ದಾನೆ ಎಂದು ನನ್ನ ಊಹೆ. ಹುಚ್ಚುಮುಂಡೆ ಮದುವೆಯಲ್ಲಿ ಉಂಡವನೇ ಜಾಣ ಎನ್ನುತ್ತಾರಲ್ಲ, ಹಾಗೆ. ಎಲೆ ಎತ್ತುವ ಕೆಲಸ ನಮ್ಮ ಪಾಲಿಗೆ ಬಂತು.

ಇದನ್ನೆಲ್ಲ ವಿವರಿಸಿ, ಫೋನ್ ಕೊಂಡ ರಸೀದಿಯ ಚಿತ್ರ ಲಗತ್ತಿಸಿ ದೂರು ಬರೆದೆ. ನಮ್ಮ 2021ರ ಐಟಿ ನಿಯಮಗಳ ಪ್ರಕಾರ ಮಧ್ಯವರ್ತಿ ತಾಣಗಳು ಕುಂದುಕೊರತೆ ಅಧಿಕಾರಿಯನ್ನು ಇಟ್ಟುಕೊಳ್ಳಬೇಕು, 24 ಗಂಟೆಯಲ್ಲಿ ದೂರಿಗೆ ಸ್ವೀಕೃತಿ ಕೊಡಬೇಕು, ಆಗಿನ ಲೆಕ್ಕದಲ್ಲಿ 15 ದಿನದೊಳಗೆ ಅದನ್ನು ವಿಲೇವಾರಿ ಮಾಡಬೇಕಿತ್ತು. ಸ್ವೀಕೃತಿ ಎರಡೇ ನಿಮಿಷದಲ್ಲಿ ಬಂತು. ಹದಿನಾಲ್ಕನೆಯ ದಿನ ಉತ್ತರವೂ ಬಂತು: ನಿಮ್ಮ ಪ್ರಕರಣವನ್ನು ಮರುಪರಿಶೀಲಿಸಿದ್ದೇವೆ, ನಿರ್ಧಾರದಲ್ಲಿ ಬದಲಾವಣೆ ಇಲ್ಲ, ಭದ್ರತೆಯ ದೃಷ್ಟಿಯಿಂದ ವಿವರ ನೀಡಲಾಗದು. ಫೋನಿನ ಸುದ್ದಿಯೇ ಇಲ್ಲ. ರಸೀದಿಯನ್ನು ಯಾರಾದರೂ ತೆರೆದು ನೋಡಿದ್ದರೆ ನನ್ನ ಮೀಸೆ ಬೋಳಿಸಿಕೊಳ್ಳುತ್ತೇನೆ.

ಕಂಪನಿಗಳ ವಾದ ನನಗೆ ಗೊತ್ತಿಲ್ಲದ್ದೇನಲ್ಲ. ಯಾವ ಸುಳಿವಿನಿಂದ ಹಿಡಿದೆವು ಎಂದು ಹೇಳಿದರೆ ಹ್ಯಾಕ್ ಮಾರುವವರು ಮರುದಿನವೇ ಆ ಕಿಂಡಿ ಮುಚ್ಚಿಕೊಳ್ಳುತ್ತಾರೆ. ಅದಕ್ಕೇ ಎಷ್ಟೋ ಕಂಪನಿಗಳು ಮೋಸ ಕಂಡ ಕ್ಷಣವೇ ಹಿಡಿಯದೆ, ವಾರಗಟ್ಟಲೆ ಸುಮ್ಮನಿದ್ದು ಒಮ್ಮೆಗೇ ಸಾವಿರಾರು ಖಾತೆಗಳನ್ನು ಮುಚ್ಚುತ್ತವೆ. ಒಪ್ಪಿದೆ. ಆದರೆ ಹೇಗೆ ಹಿಡಿದೆವು ಎನ್ನುವುದು ಬೇರೆ, ಯಾಕೆ ಹಿಡಿದೆವು ಎನ್ನುವುದು ಬೇರೆ. ಮೊದಲನೆಯದು ಅವರ ಗುಟ್ಟು, ಎರಡನೆಯದು ನನ್ನ ಹಕ್ಕು. ಲೋಕಲ್ ರೈಲಿನಲ್ಲಿ ಟಿಕೆಟ್ ಇಲ್ಲದೆ ಟಿಸಿ ಕೈಗೆ ಸಿಕ್ಕರೆ ಕನಿಷ್ಠ 250 ರೂಪಾಯಿ ದಂಡ, ಅದರ ಮೇಲೆ ಪ್ರಯಾಣ ದರ. ಕೈಗೆ ರಸೀದಿ ಕೊಡುತ್ತಾನೆ. ನೂರು ಜನರ ನಡುವೆ ನನ್ನನ್ನೇ ಹೇಗೆ ಗುರುತಿಸಿದೆ ಎಂದು ನಾನು ಕೇಳುವುದಿಲ್ಲ, ಅವನೂ ಹೇಳುವುದಿಲ್ಲ.

ಮೋಸ ಹಿಡಿಯುವ ಯಂತ್ರ ತಪ್ಪುವುದೇ ಇಲ್ಲ ಎನ್ನುವವರಿಗೆ 2010ರ ಜುಲೈ ನೆನಪಿಸಬೇಕು. ವಾಲ್ವ್ ಕಂಪನಿಯ ಮೋಸಪತ್ತೆ ವ್ಯವಸ್ಥೆ ಕಾಲ್ ಆಫ್ ಡ್ಯೂಟಿ: ಮಾಡರ್ನ್ ವಾರ್‌ಫೇರ್ 2 ಆಡುತ್ತಿದ್ದ ಸುಮಾರು 12,000 ಮಂದಿಯನ್ನು ತಪ್ಪಾಗಿ ಹೊರಗೆ ಹಾಕಿತ್ತು. ತಂತ್ರಾಂಶ ನವೀಕರಣದಲ್ಲಿ ಒಂದು ಕಡತ ಬದಲಾದದ್ದನ್ನೇ ಯಂತ್ರ ಮೋಸವೆಂದು ಓದಿಕೊಂಡಿತ್ತು. ಕಂಪನಿ ತಪ್ಪೊಪ್ಪಿಕೊಂಡು ಬ್ಯಾನ್ ತೆಗೆದು, ಎಲ್ಲರಿಗೂ ಲೆಫ್ಟ್ 4 ಡೆಡ್ 2 ಆಟವನ್ನು ಉಚಿತವಾಗಿ ಕೊಟ್ಟಿತು. ಹನ್ನೆರಡು ಸಾವಿರ ಜನ ಒಟ್ಟಿಗೆ ಸಿಕ್ಕಿದ್ದಕ್ಕೆ ತಪ್ಪು ಬೆಳಕಿಗೆ ಬಂತು. ಡೊಂಬಿವಲಿಯ ಒಬ್ಬ ಹುಡುಗ ಸಿಕ್ಕರೆ?

ಎರಡನೆಯದು ಪಂಚಾಯಿತಿ ಪದ್ಧತಿ, ಆಟಗಾರನ ತಪ್ಪಿಗೆ ಆಟಗಾರರೇ ಕೂತು ತೀರ್ಪು ಹೇಳುವುದು. ಲೀಗ್ ಆಫ್ ಲೆಜೆಂಡ್ಸ್ ಎಂಬ ಆಟದವರು 2011ರಲ್ಲಿ ಟ್ರಿಬ್ಯೂನಲ್ ಎಂಬ ಹೆಸರಿನಲ್ಲಿ ಇದನ್ನು ಮಾಡಿ, ಕೆಲವು ವರ್ಷಗಳ ಮೇಲೆ ಕೈಬಿಟ್ಟರು. ನಾನು ಕೂತದ್ದು ಕೌಂಟರ್ ಸ್ಟ್ರೈಕ್ ಎಂಬ ಗುಂಡಿನ ಆಟದ ಓವರ್‌ವಾಚ್ ಪೀಠದಲ್ಲಿ. 2013ರಲ್ಲಿ ಶುರುವಾದದ್ದು, ನಾನು ಮದುವೆಯಾದ ಮೇಲೂ ರಾತ್ರಿ ಹನ್ನೊಂದರ ನಂತರ ಕದ್ದು ಆಡುತ್ತಿದ್ದ ಕಾಲ. ಆರೋಪಿಯ ಹೆಸರು ಮುಚ್ಚಿ ಅವನ ಆಟದ ಎಂಟು ಸುತ್ತುಗಳನ್ನು ತೋರಿಸುತ್ತಿದ್ದರು. ಅವನ ಕಣ್ಣಿನಿಂದಲೇ ನೋಡಬೇಕು. ಗೋಡೆಯ ಆಚೆ ನಿಂತ ವೈರಿಯ ಜೊತೆಜೊತೆಗೆ ಇವನ ಬಂದೂಕಿನ ಗುರಿಯೂ ಸರಿಯುತ್ತದೆಯೇ? ಹೊಗೆಯೊಳಗೆ ಕಾಣದ ತಲೆಗೇ ಗುಂಡು ಬಿತ್ತೇ? ಕೊನೆಗೆ ಒಂದೊಂದು ಆರೋಪಕ್ಕೂ ಎರಡೇ ಗುಂಡಿ: ಸಂಶಯಾತೀತವಾಗಿ ಸಾಬೀತು, ಇಲ್ಲವೇ ಸಾಕ್ಷ್ಯ ಸಾಲದು.

ಮೊದಮೊದಲು ನಾನು ಬಹಳ ನಿಷ್ಠೆಯಿಂದ ನೋಡಿದೆ. ಒಂದೊಂದು ಸುತ್ತನ್ನೂ ನಿಧಾನಗತಿಯಲ್ಲಿ ಎರಡೆರಡು ಸಲ. ಆಮೇಲೆ ಒಂದು ರಾತ್ರಿ ನನ್ನದೇ ಪಂದ್ಯ ಸೋತು, ಎದುರು ತಂಡದಲ್ಲಿ ಮೋಸಗಾರನಿದ್ದ ಎಂದು ಹಲ್ಲು ಕಡಿಯುತ್ತಾ ಪೀಠಕ್ಕೆ ಬಂದೆ. ಸಿಕ್ಕಿದವನು ಚೆನ್ನಾಗಿ ಆಡುತ್ತಿದ್ದ, ಅಷ್ಟೇ. ಮೂರನೆಯ ಸುತ್ತಿಗೇ ಸಾಬೀತು ಎಂದು ಒತ್ತಿದೆ. ಹಲವರ ತೀರ್ಪು ಕೂಡಿದರೆ ಮಾತ್ರ ಶಿಕ್ಷೆ ಎನ್ನುವುದೊಂದೇ ಸಮಾಧಾನ. ನನ್ನಂಥವರು ಆ ರಾತ್ರಿ ಎಷ್ಟು ಮಂದಿ ಸೋತು ಬಂದಿದ್ದರೋ. ಆದರೂ ಯಂತ್ರಕ್ಕಿಂತ ಇದನ್ನು ಒಂದು ತೂಕ ಮೇಲಿಡುತ್ತೇನೆ: ಸಾಕ್ಷ್ಯ ಸಾಲದು ಎಂಬ ಗುಂಡಿಯಾದರೂ ಅಲ್ಲಿತ್ತು.

ಮೋಸಗಾರರನ್ನೆಲ್ಲ ಒಂದೇ ದೊಡ್ಡಿಗೆ ಹಾಕಿ ಅವರವರೇ ಬಡಿದಾಡಿಕೊಳ್ಳಲಿ ಎಂದು ಬಿಡುವ ಪದ್ಧತಿಯೂ ಇದೆ, ಟೈಟನ್‌ಫಾಲ್ ಆಟ 2014ರಲ್ಲಿ ಮಾಡಿದಂತೆ. ನಾನು ಅದರೊಳಗೆ ಹೊಕ್ಕಿಲ್ಲ. ಕೇಳಲು ತಮಾಷೆಯಾಗಿದೆ, ತಪ್ಪಾಗಿ ಒಳಗೆ ಬಿದ್ದವನಿಗೆ ಮಾತ್ರ ನರಕ.

ಮೂರನೆಯದರಲ್ಲಿ ನಾನೇ ಆರೋಪಿ. ಬೆಳಗ್ಗೆ ಮುಂಬೈಯ ಸಿಎಸ್‌ಎಂಟಿ ನಿಲ್ದಾಣಕ್ಕೆ ಹೋಗುವ ಫಾಸ್ಟ್ ಲೋಕಲ್‌ನಲ್ಲಿ ಕಂಬಿಗೆ ಒರಗಿ ಒಂದು ಚದುರಂಗದ ತಾಣದಲ್ಲಿ ಐದು ನಿಮಿಷದ ಆಟ ಆಡುತ್ತೇನೆ. ದಿವಾ ದಾಟಿ ಮುಂಬ್ರಾ ಕಡೆ ಹೊರಳುವಾಗ ನನ್ನ ನೆಟ್‌ವರ್ಕ್ ದಿನವೂ ಕೈಕೊಡುತ್ತದೆ. ಎದುರಾಳಿಯ ಕಣ್ಣಿಗೆ ನಾನು ಸೋಲುವ ಆಟ ಬಿಟ್ಟು ಓಡಿಹೋದವನು. ಮೊದಲ ಸಲ ಎಚ್ಚರಿಕೆ ಬಂತು. ಆಮೇಲೆ ಹತ್ತು ನಿಮಿಷ ಹೊರಗೆ, ಆಮೇಲೆ ಒಂದು ಗಂಟೆ. ಪ್ರತಿ ಸಲವೂ ಕಾರಣ ಬರೆದಿತ್ತು: ಆಟವನ್ನು ಅರ್ಧಕ್ಕೆ ಬಿಟ್ಟಿದ್ದೀರಿ, ಪದೇಪದೇ ಹೀಗಾದರೆ ಅವಧಿ ಹೆಚ್ಚುತ್ತದೆ. ಇದೇ ತಾಣ ಒಮ್ಮೆ ತಾನಾಗಿಯೇ ತಿಳಿಸಿತ್ತು, ನೀವು ಸೋತ ಎದುರಾಳಿ ಕಂಪ್ಯೂಟರ್ ನೆರವು ಪಡೆದದ್ದು ಕಂಡುಬಂದಿದೆ, ನಿಮ್ಮ ಅಂಕ ಮರಳಿಸಿದ್ದೇವೆ ಎಂದು. ಮೋಸಹೋದವನಿಗೂ ಒಂದು ಸಾಲು ಬರೆಯಬೇಕೆಂಬುದು ಗುಂಡಿನ ಆಟದವರಿಗೆ ಹೊಳೆದಂತಿಲ್ಲ. ಅಲ್ಲಿ ಮಗ ಎಷ್ಟು ಜನರ ಮೇಲೆ ದೂರು ಕೊಟ್ಟಿದ್ದನೋ, ಏನಾಯಿತೆಂದು ಒಮ್ಮೆಯೂ ತಿಳಿಯಲಿಲ್ಲ.

ಆ ಒಂದು ಗಂಟೆಯ ಶಿಕ್ಷೆಗೆ ನಾನು ಮೇಲ್ಮನವಿ ಹಾಕಿದೆ. ರೈಲಿನ ಕಥೆ ಹೇಳಿದೆ. ಎರಡು ದಿನಕ್ಕೆ ಮನುಷ್ಯರೇ ಬರೆದ ಉತ್ತರ ಬಂತು: ನಿಮ್ಮ ಮಾತು ನಂಬುತ್ತೇವೆ, ಆದರೆ ಅಲ್ಲಿ ಕಾದು ಕೂತವರ ಐದು ನಿಮಿಷವೂ ಹಾಳಾಯಿತಲ್ಲ, ಸಿಗ್ನಲ್ ಹೋಗುವ ಜಾಗ ನಿಮಗೆ ಗೊತ್ತಿದ್ದ ಮೇಲೆ ಅದಕ್ಕೆ ಮೊದಲು ಆಟ ಶುರು ಮಾಡಬೇಡಿ. ಮನವಿ ತಿರಸ್ಕಾರ. ಸೋತದ್ದು ನಾನೇ, ಆದರೂ ಸಿಟ್ಟು ಬರಲಿಲ್ಲ. ಬರೆದದ್ದನ್ನು ಯಾರೋ ಓದಿದ್ದರು.

ನಮ್ಮ ಕಟ್ಟಡದ ಕೆಳಗಿನ ಹೋಟೆಲಿನ ಶೆಟ್ಟರಿಗೆ ಈ ಪುರಾಣವನ್ನೆಲ್ಲ ಹೇಳಿದಾಗ ಅವರು ನಕ್ಕರು. ವೇಟರ್ ಹುಡುಗನಿಗೆ ಕೈ ಎತ್ತಿದ ಗಿರಾಕಿಯೊಬ್ಬನಿಗೆ ಅವರು ಒಂದು ತಿಂಗಳು ಬರಬೇಡ ಎಂದಿದ್ದರಂತೆ. "ಗಲ್ಲಾದಿಂದ ಎದ್ದುಹೋಗಿ ಮುಖಕ್ಕೆ ಮುಖ ಕೊಟ್ಟು ಹೇಳಿದೆ, ಮಾರಾಯರೇ. ಯಾಕೆಂದು ಹೇಳದೆ ಓಡಿಸಿದರೆ ಅವನು ಎದುರಿನ ಹೋಟೆಲಿನಲ್ಲಿ ಕೂತು ನಮ್ಮ ಸಾಂಬಾರು ಹಳಸಿತ್ತು ಎನ್ನುತ್ತಾನೆ." ಆ ಗಿರಾಕಿ ಈಗಲೂ ಬರುತ್ತಾನೆ, ಹುಡುಗನಿಗೆ ಟಿಪ್ಸನ್ನೂ ಇಡುತ್ತಾನೆ.

ನನ್ನ ಶ್ರೇಯಾಂಕ ಹೀಗಾಗುತ್ತದೆ. ಏರುತ್ತಾ ಹೋಗುವ ಸಣ್ಣ ಶಿಕ್ಷೆ, ಕಾರಣದ ಒಂದು ಸಾಲು, ಮನುಷ್ಯರು ಓದುವ ಮನವಿ: ಇದು ಎಲ್ಲಕ್ಕಿಂತ ಮೇಲೆ. ಪಂಚಾಯಿತಿ ನಡುವೆ, ಪಂಚರು ಊಟ ಮಾಡಿ ನಿದ್ದೆ ಮಾಡಿದವರಾಗಿದ್ದರೆ. ಯಂತ್ರ ಹಿಡಿಯಲಿ, ಬೇಡವೆನ್ನುವುದಿಲ್ಲ. ಕೋಟಿಗಟ್ಟಲೆ ಆಟಗಾರರನ್ನು ಮನುಷ್ಯರಷ್ಟೇ ಕಾಯಲಾಗದು. ಆದರೆ ಶಾಶ್ವತ ಎಂಬ ಮುದ್ರೆ ಒತ್ತುವ ಮೊದಲು, ಅದರಲ್ಲೂ ದುಡ್ಡು ತೆಗೆದುಕೊಂಡಿರುವ ಖಾತೆಯ ಮೇಲೆ, ಒಬ್ಬರು ಕಡತ ತೆರೆಯಬೇಕು. ಫೋನಿನ ಮೇಲಿನ ಬ್ಯಾನ್‌ಗೆ ಅವಧಿ ಇರಲೇಬೇಕು, ಏಕೆಂದರೆ ಫೋನ್ ಕೈ ಬದಲಾಯಿಸುತ್ತದೆ.

ಆ ಫೋನನ್ನು ಮಾರಲೇ ಎಂದು ಮಗ ಕೇಳಿದ. ಮಾರು, ಆದರೆ ಕೊಳ್ಳುವವನಿಗೆ ಬ್ಯಾನಿನ ವಿಷಯ ಹೇಳಿ ಮಾರು ಎಂದೆ. "ಹೇಳಿದರೆ ಯಾರು ಕೊಳ್ಳುತ್ತಾರಪ್ಪಾ?" ಎಂದ. ಅದೀಗ ನನ್ನ ಜೇಬಿನಲ್ಲಿದೆ, ಚದುರಂಗಕ್ಕೆ. ಥಾಣೆ ದಾಟುವವರೆಗೆ ಆಟ ತೆರೆಯುವುದಿಲ್ಲ.