ಓಕುರಾ ಅಥವಾ ಓಹಾಕುನೆ: ರಜೆಯ ಮನೆ ಎಲ್ಲಿ?

ನ್ಯೂಜಿಲೆಂಡಿನ ಉತ್ತರ ದ್ವೀಪದಲ್ಲಿ ಸರ್ಫಿಂಗ್, ಸ್ಕೀಯಿಂಗ್ ಎರಡಕ್ಕೂ ಅನುಕೂಲವಾಗುವ ಮನೆ ಹುಡುಕುವವರ ಮುಂದೆ ಈ ಎರಡು ಊರು ಬಂದೇ ಬರುತ್ತವೆ.

ಓಕುರಾ ಕಡಲಿನ ಊರು. ನ್ಯೂ ಪ್ಲಿಮತ್‌ನಿಂದ ಸುಮಾರು 15 ಕಿ.ಮೀ., ‘ಸರ್ಫ್ ಹೈವೇ 45’ರ ಮೇಲೆಯೇ ಇದೆ. ಈ ರಸ್ತೆ ತರನಾಕಿ ಬೆಟ್ಟವನ್ನು ಅರ್ಧ ಸುತ್ತುವುದರಿಂದ ದಡದ ದಿಕ್ಕು ಬದಲಾಗುತ್ತಾ ಹೋಗುತ್ತದೆ. ಒಂದು ಕಡೆ ಗಾಳಿ ಅಲೆ ಕೆಡಿಸಿದರೆ ಇನ್ನೊಂದು ಕಡೆ ಸಿಗುವ ಸಾಧ್ಯತೆ ಹೆಚ್ಚು. ಹಿಮದ ವಿಷಯಕ್ಕೆ ಬಂದರೆ, ಅದೇ ಬೆಟ್ಟದ ಮಂಗನೂಯಿ ಸ್ಕೀ ಮೈದಾನ ಹತ್ತಿರವೇನೋ ಇದೆ. ಆದರೆ ಅದು ಕ್ಲಬ್ ನಡೆಸುವ ಪುಟ್ಟ ಜಾಗ. ಕಾರು ನಿಲ್ಲಿಸಿ ನಡೆದೇ ಹೋಗಬೇಕು, ಹಿಮ ಸಾಲದೆ ಮುಚ್ಚಿರುವುದೂ ಉಂಟು. ಚಿಕ್ಕ ಮಕ್ಕಳಿದ್ದರೆ ಆ ನಡಿಗೆ ನೆನೆಸಿಕೊಂಡೇ ನಿರ್ಧರಿಸಿ.

ಓಹಾಕುನೆಯದು ಇದರ ತದ್ವಿರುದ್ಧ. ರುವಾಪೆಹು ಜ್ವಾಲಾಮುಖಿಯ ಬುಡದಲ್ಲಿದೆ, ತುರೋವಾ ಸ್ಕೀ ಮೈದಾನಕ್ಕೆ 17 ಕಿ.ಮೀ. ಲಿಫ್ಟ್ ಸುಮಾರು 2,300 ಮೀಟರ್ ಎತ್ತರದವರೆಗೂ ಒಯ್ಯುತ್ತದೆ. ಅಲೆ ಬೇಕೆಂದರೆ ಮಾತ್ರ ಕಡಲತೀರದ ವಾಂಗನೂಯಿ ತನಕ ಒಂದೂವರೆ ಗಂಟೆ ಅಂಕುಡೊಂಕು ದಾರಿ. ಬೆಟ್ಟವೂ ಪೂರ್ತಿ ಸುಮ್ಮನಿರುವುದಲ್ಲ, 1995–96ರಲ್ಲಿ ಸ್ಫೋಟಿಸಿತ್ತು. ಸ್ಕೀ ಮೈದಾನ ನಡೆಸುತ್ತಿದ್ದ ಕಂಪನಿ 2022ರಲ್ಲಿ ಸಾಲದಲ್ಲಿ ಮುಳುಗಿ, ತುರೋವಾ ಆಮೇಲೆ ಕೈ ಬದಲಾಯಿಸಿತು.

ಸ್ಕೀ ಋತು ಜೂನ್ ಕೊನೆಯಿಂದ ಅಕ್ಟೋಬರ್‌ವರೆಗೆ, ಅಲೆ ವರ್ಷಪೂರ್ತಿ. ಹಾಗಾಗಿ ನನ್ನ ಮತ ಓಕುರಾಕ್ಕೆ. ಹಿಮಕ್ಕೆ ಓಹಾಕುನೆಯಲ್ಲಿ ವಾರಾಂತ್ಯದ ಬಾಡಿಗೆ ಕೋಣೆ ಸಾಕು. ಅಲ್ಲಿನ ಚಳಿಗಾಲದಲ್ಲಷ್ಟೇ ರಜೆ ಸಿಗುವವರು ಮಾತ್ರ ಇದನ್ನು ತಿರುಗಿಸಿ ಓದಿಕೊಳ್ಳಿ.

ಅಂದಹಾಗೆ, ಬೆಂಗಳೂರಿನಲ್ಲಿ ಕೂತು ಮನೆ ಕೊಳ್ಳುವ ಆಸೆ ಬೇಡ: 2018ರ ಕಾನೂನಿನ ನಂತರ ಅಲ್ಲಿ ನೆಲೆಸದ ವಿದೇಶಿಯರಿಗೆ ಮನೆ ಖರೀದಿ ಬಹುಮಟ್ಟಿಗೆ ಮುಚ್ಚಿದ ಬಾಗಿಲು.