ಬೆಂಗಳೂರಿನಲ್ಲಿ ಎಫ್‌ಐಆರ್, ಮೊಕದ್ದಮೆ ಮತ್ತು ಬಂದಿಗಳ ಮಾಹಿತಿ: ಸಾರ್ವಜನಿಕ ಸೇವೆಗಳ ವಿಮರ್ಶೆ

ಒಬ್ಬ ವ್ಯಕ್ತಿಯ ಮೇಲೆ ಪೊಲೀಸರು ಪ್ರಕರಣ ದಾಖಲಿಸಿದ್ದಾರೆಯೇ, ದಾಖಲಿಸಿದ್ದರೆ ಅದು ಈಗ ಯಾವ ನ್ಯಾಯಾಲಯದಲ್ಲಿ ಯಾವ ಹಂತದಲ್ಲಿದೆ, ಬಂಧನವಾಗಿದ್ದರೆ ಆತನನ್ನು ಎಲ್ಲಿ ಇರಿಸಲಾಗಿದೆ ಎಂಬ ಮೂರು ಪ್ರಶ್ನೆಗಳಿಗೆ ಬೆಂಗಳೂರಿನಲ್ಲಿ ಒಂದೇ ಕಡೆ ಉತ್ತರ ಸಿಗುವುದಿಲ್ಲ. ಮೊದಲನೆಯದಕ್ಕೆ ಕರ್ನಾಟಕ ರಾಜ್ಯ ಪೊಲೀಸ್ ಇಲಾಖೆಯ ಜಾಲತಾಣದಲ್ಲಿರುವ ಎಫ್‌ಐಆರ್ ಹುಡುಕಾಟ, ಎರಡನೆಯದಕ್ಕೆ ಇ-ಕೋರ್ಟ್ಸ್ ಜಾಲತಾಣ ಮತ್ತು ಅದರ ಮೊಬೈಲ್ ಆ್ಯಪ್, ಮೂರನೆಯದಕ್ಕೆ ಕಾರಾಗೃಹಗಳ ಇ-ಪ್ರಿಸನ್ಸ್ ವ್ಯವಸ್ಥೆ ಇವೆ. ಈ ಮೂರನ್ನೂ ಬಳಸಿದ ಮೇಲೆ ನನಗೆ ಸ್ಪಷ್ಟವಾಗಿರುವುದು ಇಷ್ಟು: ಕೈಯಲ್ಲಿ ಪ್ರಕರಣದ ಸಂಖ್ಯೆ ಇರುವವರಿಗೆ ಇವು ನಿಜವಾಗಿಯೂ ಉತ್ತಮ ಸೇವೆಗಳು, ಕೇವಲ ಒಂದು ಹೆಸರು ಹಿಡಿದುಕೊಂಡು ಬಂದವರಿಗೆ ಇವು ಸಾಲದಾಗುತ್ತವೆ, ಕೆಲವೊಮ್ಮೆ ದಾರಿಯನ್ನೂ ತಪ್ಪಿಸುತ್ತವೆ. ಮನೆ ಬಾಡಿಗೆಗೆ ಕೊಡುವವರ ವಿಷಯದಲ್ಲಿ ಈ ಮಿತಿ ಇರುವುದೇ ಒಳ್ಳೆಯದು. ಮಗನನ್ನು ಪೊಲೀಸರು ಕರೆದುಕೊಂಡು ಹೋದರೆಂದು ಕೇಳಿ ಹುಡುಕುತ್ತಿರುವ ತಾಯಿಯ ವಿಷಯದಲ್ಲಿ ಅದು ದೊಡ್ಡ ಕೊರತೆ.

ಮೂರರಲ್ಲಿ ಅತ್ಯುತ್ತಮವಾದದ್ದು ಇ-ಕೋರ್ಟ್ಸ್. ಇದಕ್ಕೆ ಶುಲ್ಕವಿಲ್ಲ, ಖಾತೆ ತೆರೆಯಬೇಕಾಗಿಲ್ಲ. ಪ್ರತಿ ಪ್ರಕರಣಕ್ಕೂ 16 ಅಕ್ಷರ ಮತ್ತು ಅಂಕಿಗಳ ಸಿಎನ್‌ಆರ್ ಸಂಖ್ಯೆ ಇರುತ್ತದೆ. ಬೆಂಗಳೂರು ನಗರದ ಪ್ರಕರಣಗಳಲ್ಲಿ ಅದು ಕೆ, ಎ, ಬಿ, ಸಿ ಎಂಬ ನಾಲ್ಕು ಇಂಗ್ಲಿಷ್ ಅಕ್ಷರಗಳಿಂದ ಆರಂಭವಾಗುತ್ತದೆ. ಆ ಸಂಖ್ಯೆಯನ್ನು ನಮೂದಿಸಿದರೆ ಪ್ರಕರಣ ಯಾವ ಕಾಯ್ದೆಯ ಯಾವ ಕಲಂ ಅಡಿ ಇದೆ, ಯಾವ ಠಾಣೆಯದು, ಹಿಂದಿನ ಪ್ರತಿ ದಿನಾಂಕದಂದು ಏನು ನಡೆಯಿತು, ಮುಂದಿನ ದಿನಾಂಕ ಯಾವುದು ಎಂಬ ವಿವರಗಳು ಒಂದೇ ಪುಟದಲ್ಲಿ ತೆರೆದುಕೊಳ್ಳುತ್ತವೆ. ನ್ಯಾಯಾಲಯ ಅಪ್‌ಲೋಡ್ ಮಾಡಿದ್ದರೆ ಆದೇಶದ ಪ್ರತಿಯೂ ಸಿಗುತ್ತದೆ. ಮುಂದಿನ ದಿನಾಂಕ ತಿಳಿಯಲು ವಕೀಲರ ಗುಮಾಸ್ತರನ್ನು ಕಾಡುವುದು, ನೃಪತುಂಗ ರಸ್ತೆಯ ಮ್ಯಾಜಿಸ್ಟ್ರೇಟ್ ನ್ಯಾಯಾಲಯಗಳ ಬಾಗಿಲಿಗೆ ಅಂಟಿಸಿದ ಪಟ್ಟಿಯಲ್ಲಿ ಬೆರಳಿಟ್ಟು ಹುಡುಕುವುದು ಬಿಟ್ಟರೆ ಬೇರೆ ದಾರಿಯಿಲ್ಲದ ಕಾಲವನ್ನು ಕಂಡವರಿಗೆ ಇದು ಸಣ್ಣ ಬದಲಾವಣೆಯಲ್ಲ. 2007ರಲ್ಲಿ ಆರಂಭವಾದ ಈ ಯೋಜನೆಯ ಮೂರನೆಯ ಹಂತಕ್ಕೆ ಕೇಂದ್ರ ಸಂಪುಟ 2023ರ ಸೆಪ್ಟೆಂಬರ್‌ನಲ್ಲಿ 7,210 ಕೋಟಿ ರೂಪಾಯಿಗಳ ಒಪ್ಪಿಗೆ ನೀಡಿತು. ಸಾರ್ವಜನಿಕ ಹಣ ಸಾಮಾನ್ಯ ಕಕ್ಷಿದಾರನ ಕೈಗೆ ನೇರವಾಗಿ ತಲುಪಿದ ಯೋಜನೆಗಳಲ್ಲಿ ಇದೂ ಒಂದು ಎಂದು ನಾನು ಹಿಂಜರಿಕೆಯಿಲ್ಲದೆ ಹೇಳುತ್ತೇನೆ.

ಇ-ಕೋರ್ಟ್ಸ್‌ನಲ್ಲಿ ಹೆಚ್ಚು ಜನ ಗಮನಿಸದ, ಆದರೆ ಎಲ್ಲಕ್ಕಿಂತ ಉಪಯುಕ್ತವಾದ ಸೌಲಭ್ಯವೆಂದರೆ ಎಫ್‌ಐಆರ್ ಸಂಖ್ಯೆಯ ಮೂಲಕ ಹುಡುಕುವುದು. ಅದರ ಬೆಲೆ ತಿಳಿಯಬೇಕಾದರೆ ಒಂದು ಕ್ರಿಮಿನಲ್ ಪ್ರಕರಣ ತನ್ನ ಗುರುತನ್ನು ಹೇಗೆ ಬದಲಿಸುತ್ತ ಹೋಗುತ್ತದೆ ಎಂಬುದನ್ನು ನೋಡಬೇಕು. ಠಾಣೆಯಲ್ಲಿ ಅದಕ್ಕೆ ಕ್ರೈಂ ನಂಬರ್ ಇರುತ್ತದೆ. ದೋಷಾರೋಪ ಪಟ್ಟಿ ಸಲ್ಲಿಕೆಯಾಗಿ ಮ್ಯಾಜಿಸ್ಟ್ರೇಟರು ಅದನ್ನು ವಿಚಾರಣೆಗೆ ಪರಿಗಣಿಸಿದ ಮೇಲೆ ಸಿ.ಸಿ. ನಂಬರ್ ಬರುತ್ತದೆ. ಅಪರಾಧ ಸೆಷನ್ಸ್ ನ್ಯಾಯಾಲಯವೇ ವಿಚಾರಿಸಬೇಕಾದಂಥದ್ದಾಗಿದ್ದರೆ ಪ್ರಕರಣ ಅಲ್ಲಿಗೆ ಒಪ್ಪಿಸಲ್ಪಟ್ಟು ಎಸ್.ಸಿ., ಅಂದರೆ ಸೆಷನ್ಸ್ ಕೇಸ್, ನಂಬರ್ ಪಡೆಯುತ್ತದೆ. ಜಾಮೀನು ಅರ್ಜಿಗೆ ಮತ್ತೊಂದು ಸಂಖ್ಯೆ. ಹಳೆಯ ಸಂಖ್ಯೆಯೊಂದನ್ನೇ ಹಿಡಿದು ಹುಡುಕುವವರು ಪ್ರಕರಣ ಮುಗಿದೇ ಹೋಯಿತೆಂದು ತಿಳಿಯುವುದುಂಟು. ಠಾಣೆ, ಎಫ್‌ಐಆರ್ ಸಂಖ್ಯೆ ಮತ್ತು ವರ್ಷವನ್ನು ಕೊಟ್ಟು ಹುಡುಕಿದಾಗ ಈ ಕೊಂಡಿಗಳು ಮತ್ತೆ ಕೂಡಿಕೊಳ್ಳುತ್ತವೆ. ಆದರೆ ಒಂದು ಎಚ್ಚರಿಕೆ ಅಗತ್ಯ. ಪ್ರಕರಣವನ್ನು ರದ್ದುಪಡಿಸಬೇಕೆಂದು ಆರೋಪಿಯು ಹೈಕೋರ್ಟಿಗೆ ಸಲ್ಲಿಸುವ ಅರ್ಜಿಯನ್ನು ಜಿಲ್ಲಾ ನ್ಯಾಯಾಲಯಗಳ ವಿಭಾಗದಲ್ಲಿ ಹುಡುಕಿದರೆ ಪ್ರಯೋಜನವಿಲ್ಲ, ಹೈಕೋರ್ಟಿನ ವಿಭಾಗದಲ್ಲೇ ಬೇರೆಯಾಗಿ ಹುಡುಕಬೇಕು. ಹೈಕೋರ್ಟ್ ತಡೆಯಾಜ್ಞೆ ನೀಡಿರುವ ಪ್ರಕರಣವೂ ಕೆಳಗಿನ ನ್ಯಾಯಾಲಯದ ಪುಟದಲ್ಲಿ ಬಾಕಿ ಪ್ರಕರಣವಾಗಿಯೇ ಕಾಣುತ್ತಿರುತ್ತದೆ.

ಹೆಸರಿನ ಹುಡುಕಾಟಕ್ಕೆ ಬಂದಾಗ ನನ್ನ ಮೆಚ್ಚುಗೆ ತಗ್ಗುತ್ತದೆ. ನ್ಯಾಯಾಲಯ ಸಂಕೀರ್ಣ ಮತ್ತು ವರ್ಷವನ್ನು ಆರಿಸಿ ಕನಿಷ್ಠ ಮೂರು ಅಕ್ಷರಗಳನ್ನು ನಮೂದಿಸಿದರೆ ಸಾಕು, ಉದ್ದನೆಯ ಪಟ್ಟಿ ಬರುತ್ತದೆ. ಆದರೆ ನಮ್ಮ ಹೆಸರುಗಳು ಇಂಗ್ಲಿಷ್ ಕಾಗುಣಿತದಲ್ಲಿ ಒಂದೇ ರೂಪದಲ್ಲಿ ನಿಲ್ಲುವುದಿಲ್ಲ. ಮಂಜುನಾಥ ಎಂಬ ಹೆಸರಿನ ಕೊನೆಗೆ ಒಂದು ಅಕ್ಷರ ಸೇರಿದರೂ ಬಿಟ್ಟುಹೋದರೂ ಫಲಿತಾಂಶ ಬದಲಾಗುತ್ತದೆ. ಸೈಯದ್, ಲಕ್ಷ್ಮಿ, ವೆಂಕಟೇಶ್ ಇವುಗಳಿಗೆ ಎಷ್ಟು ಗುಮಾಸ್ತರೋ ಅಷ್ಟು ಕಾಗುಣಿತ. ಊರಿನ ಹೆಸರಿನ ಮೊದಲಕ್ಷರ ಹೆಸರಿನ ಹಿಂದಿದೆಯೋ ಮುಂದಿದೆಯೋ ಎಂಬುದಕ್ಕೂ ಒಂದು ಕ್ರಮವಿಲ್ಲ. ಅಲ್ಲಿ ಕಾಣುವ ಹೆಸರಿನ ಪಕ್ಕದಲ್ಲಿ ಭಾವಚಿತ್ರವಾಗಲಿ ಜನ್ಮದಿನಾಂಕವಾಗಲಿ ಇರುವುದಿಲ್ಲವಾದ್ದರಿಂದ ಅದು ನೀವು ಹುಡುಕುತ್ತಿರುವ ವ್ಯಕ್ತಿಯದೇ ಎಂದು ಖಚಿತಪಡಿಸಿಕೊಳ್ಳುವ ಮಾರ್ಗವೂ ಆ ಪುಟದಲ್ಲಿಲ್ಲ. ಪ್ರಕರಣ ವಿಲೇವಾರಿಯಾಗಿದೆ ಎಂದಿದ್ದರೆ ಅದರ ಅರ್ಥ ಶಿಕ್ಷೆ ಎಂದಲ್ಲ. ಖುಲಾಸೆ, ರಾಜಿ, ರದ್ದತಿ ಎಲ್ಲವೂ ವಿಲೇವಾರಿಯೇ. ಸಂಬಂಧ ಕುದುರಿಸುವ ಮುನ್ನ ಹುಡುಗನ ಹೆಸರನ್ನು ಇಲ್ಲಿ ಹಾಕಿ ನೋಡುವ ಪರಿಪಾಠ ನಮ್ಮಲ್ಲಿ ಬೆಳೆಯುತ್ತಿದೆ. ಹಾಗೆ ನೋಡುವವರು ಆದೇಶದ ಪ್ರತಿಯನ್ನು ತೆರೆದು ತಂದೆಯ ಹೆಸರು, ವಯಸ್ಸು, ವಿಳಾಸಗಳನ್ನು ಹೋಲಿಸಿ ನೋಡದೆ ಒಂದು ಮಾತನ್ನೂ ಆಡಬಾರದು ಎಂಬುದು ನನ್ನ ಕಳಕಳಿಯ ವಿನಂತಿ.

ಪೊಲೀಸ್ ಇಲಾಖೆಯ ಎಫ್‌ಐಆರ್ ಸೇವೆಯ ಹಿಂದೆ ಸುಪ್ರೀಂ ಕೋರ್ಟಿನ ಆದೇಶವಿದೆ. ಎಫ್‌ಐಆರ್‌ಗಳನ್ನು ದಾಖಲಾದ 24 ಗಂಟೆಗಳೊಳಗೆ ಜಾಲತಾಣದಲ್ಲಿ ಪ್ರಕಟಿಸಬೇಕು, ಸಂಪರ್ಕ ವ್ಯವಸ್ಥೆಯ ತೊಂದರೆಯಿರುವ ಕಡೆ 72 ಗಂಟೆಗಳವರೆಗೆ ಕಾಲಾವಕಾಶವಿರಬಹುದು ಎಂದು ಅದು 2016ರ ಸೆಪ್ಟೆಂಬರ್ 7ರಂದು ನಿರ್ದೇಶಿಸಿತು. ಲೈಂಗಿಕ ಅಪರಾಧ, ಪೋಕ್ಸೊ, ಭಯೋತ್ಪಾದನೆಯಂಥ ಸೂಕ್ಷ್ಮ ಪ್ರಕರಣಗಳಿಗೆ ವಿನಾಯಿತಿ ಇದೆ. ಹಾಗೆ ತಡೆಹಿಡಿಯುವ ನಿರ್ಧಾರವನ್ನು ಡಿವೈಎಸ್‌ಪಿ ಅಥವಾ ಅದಕ್ಕೆ ಸಮಾನವಾದ ಹುದ್ದೆಗಿಂತ ಕೆಳಗಿನ ಪೊಲೀಸ್ ಅಧಿಕಾರಿ ಕೈಗೊಳ್ಳುವಂತಿಲ್ಲ. ಜಿಲ್ಲೆ, ಠಾಣೆ, ಸಂಖ್ಯೆ ಮತ್ತು ವರ್ಷ ಗೊತ್ತಿದ್ದರೆ ಪ್ರತಿಯನ್ನು ಇಳಿಸಿಕೊಳ್ಳುವುದು ಸುಲಭ. ಹೊಸಬರು ಎಡವುವುದು ಠಾಣೆಯನ್ನು ಆರಿಸುವ ಹಂತದಲ್ಲಿ. ಬೆಂಗಳೂರು ನಗರ ಕಮಿಷನರೇಟ್ ಬೇರೆ, ಬೆಂಗಳೂರು ಜಿಲ್ಲಾ ಪೊಲೀಸ್ ಬೇರೆ. ನಗರದ ಅಂಚಿನ ಬಡಾವಣೆಗಳಲ್ಲಿ ರಸ್ತೆಯ ಈ ಬದಿ ಒಂದು ಠಾಣೆ, ಆ ಬದಿ ಇನ್ನೊಂದು ಠಾಣೆಗೆ ಸೇರಿರಬಹುದು. ಆನ್‌ಲೈನ್ ವಂಚನೆಯ ದೂರು ಬಡಾವಣೆಯ ಠಾಣೆಯ ಬದಲು ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳಿಗಾಗಿ ಇರುವ ಸೆನ್ ಠಾಣೆಯಲ್ಲಿ ದಾಖಲಾಗಿರಬಹುದು. ಎಷ್ಟು ಹುಡುಕಿದರೂ ಸಿಗದಿರುವುದಕ್ಕೆ ಇನ್ನೂ ಒಂದು ಕಾರಣವಿದೆ. ದೂರು ಕೊಟ್ಟಿದ್ದೇವೆ ಎನ್ನುವ ಅನೇಕರ ಕೈಯಲ್ಲಿರುವುದು ಎನ್‌ಸಿಆರ್ ಸ್ವೀಕೃತಿ, ಅಂದರೆ ನ್ಯಾಯಾಲಯದ ಅನುಮತಿಯಿಲ್ಲದೆ ಪೊಲೀಸರು ತನಿಖೆ ನಡೆಸಲಾಗದ ಅಸಂಜ್ಞೇಯ ಅಪರಾಧದ ವರದಿ. ಅದು ಎಫ್‌ಐಆರ್ ಅಲ್ಲ. ಅಸಹಜ ಸಾವಿನ ಸಂದರ್ಭದಲ್ಲಿ ದಾಖಲಾಗುವ ಯುಡಿಆರ್ ಕೂಡ ಎಫ್‌ಐಆರ್ ಅಲ್ಲ.

ಎಫ್‌ಐಆರ್‌ನಲ್ಲಿರುವುದು ಆರೋಪ ಮಾತ್ರ ಎಂಬುದನ್ನು ಈ ಸೇವೆಯನ್ನು ಬಳಸುವ ಪ್ರತಿಯೊಬ್ಬರೂ ನೆನಪಿಡಬೇಕು. ತನಿಖೆಯ ನಂತರ ದೂರು ಸುಳ್ಳು ಅಥವಾ ತಪ್ಪು ಗ್ರಹಿಕೆಯದು ಎಂದು ಕಂಡರೆ ಪೊಲೀಸರು ಬಿ ರಿಪೋರ್ಟ್ ಸಲ್ಲಿಸುತ್ತಾರೆ. ಆರೋಪಿ ಪತ್ತೆಯಾಗದಿದ್ದರೆ ಸಿ ರಿಪೋರ್ಟ್. ಆದರೆ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವ ಎಫ್‌ಐಆರ್ ಪ್ರತಿಯ ಜೊತೆಗೆ ಬಿ ರಿಪೋರ್ಟ್ ಎಂದೂ ಹರಿದಾಡುವುದಿಲ್ಲ. ಹೆಸರು ಹಾಕಿ ಎಫ್‌ಐಆರ್‌ಗಳನ್ನೆಲ್ಲ ಜಾಲಾಡುವ ಸೌಲಭ್ಯ ಬೇಕೆಂದು ಕೇಳುವವರಿಗೆ ನನ್ನ ಸಹಮತವಿಲ್ಲದಿರುವುದು ಈ ಕಾರಣಕ್ಕೆ. ದೋಷಾರೋಪ ಪಟ್ಟಿಗಳನ್ನೂ ಜಾಲತಾಣದಲ್ಲಿ ಪ್ರಕಟಿಸಬೇಕೆಂಬ ಬೇಡಿಕೆಯನ್ನು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದು ಸರಿಯಾದ ತೀರ್ಮಾನ ಎಂದೇ ನಾನು ಭಾವಿಸುತ್ತೇನೆ. ಸಾಕ್ಷಿಗಳ ಹೆಸರು, ಹೇಳಿಕೆ, ವಿಳಾಸಗಳೆಲ್ಲ ಇರುವ ಕಾಗದವದು. ಚುನಾವಣೆಗೆ ನಿಲ್ಲುವವರ ವಿಷಯ ಮಾತ್ರ ಬೇರೆ. ಅವರು ತಮ್ಮ ಮೇಲಿನ ಪ್ರಕರಣಗಳನ್ನು ನಮೂನೆ 26ರ ಪ್ರಮಾಣಪತ್ರದಲ್ಲಿ ತಾವೇ ಘೋಷಿಸಬೇಕು, ಅದನ್ನು ಚುನಾವಣಾ ಆಯೋಗ ಎಲ್ಲರಿಗೂ ತೆರೆದಿಡುತ್ತದೆ. ಅಧಿಕಾರ ಬಯಸುವವರಿಗೂ ಹೊಟ್ಟೆಪಾಡಿಗೆ ಕೆಲಸ ಬಯಸುವವರಿಗೂ ಒಂದೇ ಅಳತೆ ಇರಬೇಕಾಗಿಲ್ಲ.

ಬಾಡಿಗೆದಾರರ, ಮನೆಗೆಲಸದವರ ಅಥವಾ ನೌಕರರ ಹಿನ್ನೆಲೆ ತಿಳಿಯಬೇಕಾದವರಿಗೆ ಸರಿಯಾದ ದಾರಿ ಪೊಲೀಸ್ ಪರಿಶೀಲನೆ. ಅದಕ್ಕೆ ರಾಜ್ಯ ಸರ್ಕಾರದ ಸೇವಾ ಸಿಂಧು ಜಾಲತಾಣದ ಮೂಲಕ ಅರ್ಜಿ ಸಲ್ಲಿಸಬಹುದು. ವಿದೇಶಕ್ಕೆ ಹೋಗುವವರು ಪಾಸ್‌ಪೋರ್ಟ್ ಸೇವಾ ಮೂಲಕ 500 ರೂಪಾಯಿ ಶುಲ್ಕ ಕಟ್ಟಿ ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರ ಪಡೆಯುತ್ತಾರೆ. ಇವೆರಡರಲ್ಲೂ ಅರ್ಜಿದಾರರ ಗುರುತಿನ ದಾಖಲೆಗಳನ್ನು ಪರಿಶೀಲಿಸಲಾಗುತ್ತದೆ ಎಂಬುದೇ ಮುಖ್ಯ ಗುಣ. ಹಣ ಪಡೆದು ಕ್ಷಣಮಾತ್ರದಲ್ಲಿ ವರದಿ ಕೊಡುವುದಾಗಿ ಹೇಳುವ ಖಾಸಗಿ ಸಂಸ್ಥೆಗಳಿವೆ. ಅವುಗಳಲ್ಲಿ ಹಲವು ಉಚಿತವಾಗಿ ಲಭ್ಯವಿರುವ ನ್ಯಾಯಾಲಯ ಮಾಹಿತಿಯಲ್ಲೇ ಹೆಸರನ್ನು ಹುಡುಕಿ ಕೊಡುವುದರಿಂದ, ಮೇಲೆ ಹೇಳಿದ ಕಾಗುಣಿತದ ದೋಷಗಳೆಲ್ಲ ಆ ವರದಿಗಳಿಗೂ ಅಂಟಿಕೊಂಡಿರುತ್ತವೆ. ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದಲ್ಲವೇ ಎಂದು ಕೆಲವರು ಕೇಳುತ್ತಾರೆ. ಕರ್ನಾಟಕದಲ್ಲಿ ಅದಕ್ಕೆ 10 ರೂಪಾಯಿ ಶುಲ್ಕ, ಒಂದೇ ವಿಷಯ, 150 ಪದಗಳ ಮಿತಿ ಇದೆ. ಠಾಣೆಯೊಂದರಲ್ಲಿ ಎಷ್ಟು ಪ್ರಕರಣಗಳಲ್ಲಿ ಬಿ ರಿಪೋರ್ಟ್ ಸಲ್ಲಿಕೆಯಾಗಿದೆ ಎಂಬಂಥ ಪ್ರಶ್ನೆಗೆ ಅದು ಒಳ್ಳೆಯ ಸಾಧನ; ಇನ್ನೊಬ್ಬರ ವೈಯಕ್ತಿಕ ಇತಿಹಾಸ ಕೆದಕುವುದಕ್ಕೆ ಅಲ್ಲ. ನಡೆಯುತ್ತಿರುವ ತನಿಖೆಗೆ ಅಡ್ಡಿಯಾಗುವ ಮಾಹಿತಿಯನ್ನು ಮಾಹಿತಿ ಹಕ್ಕು ಕಾಯ್ದೆಯ ಕಲಂ 8(1)(ಎಚ್) ಅಡಿ ನಿರಾಕರಿಸಲು ಅವಕಾಶವಿದೆ.

ಉಳಿದದ್ದು ಬಂಧಿತರ ಮಾಹಿತಿ. ಮೂರು ಸೇವೆಗಳಲ್ಲಿ ಅತ್ಯಂತ ದುರ್ಬಲವಾದದ್ದು ಇದೇ, ತುರ್ತಾಗಿ ಬೇಕಾದದ್ದೂ ಇದೇ. ಕಾನೂನಿನಲ್ಲಿ ಕೊರತೆಯಿಲ್ಲ. ಬಂಧನದ ಮತ್ತು ಬಂಧಿತನನ್ನು ಇರಿಸಿರುವ ಸ್ಥಳದ ಮಾಹಿತಿ 12 ಗಂಟೆಗಳೊಳಗೆ ನಿಯಂತ್ರಣ ಕೊಠಡಿಗೆ ತಲುಪಿ ಅಲ್ಲಿನ ಫಲಕದಲ್ಲಿ ಕಾಣುವಂತಿರಬೇಕು ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಡಿ.ಕೆ. ಬಸು ಪ್ರಕರಣದಲ್ಲೇ ಹೇಳಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 37ನೇ ಕಲಂ ಪ್ರಕಾರ ಪ್ರತಿ ಠಾಣೆಯಲ್ಲಿ ಎಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಒಬ್ಬ ಅಧಿಕಾರಿ ಬಂಧಿತರ ಹೆಸರು, ವಿಳಾಸ ಮತ್ತು ಆರೋಪದ ಸ್ವರೂಪದ ಮಾಹಿತಿಯನ್ನು ನಿರ್ವಹಿಸಬೇಕು, ಅದನ್ನು ಠಾಣೆಯಲ್ಲಿ ಡಿಜಿಟಲ್ ರೂಪವೂ ಸೇರಿದಂತೆ ಎದ್ದುಕಾಣುವಂತೆ ಪ್ರದರ್ಶಿಸಬೇಕು. ಈ ಕಲಂ ಜಾರಿಗೆ ಬಂದ ಮೇಲೂ, ಪರಿಚಿತ ಕುಟುಂಬವೊಂದರ ಜೊತೆ ನಗರದ ಒಂದು ಠಾಣೆಗೆ ಹೋದಾಗ ಅಂಥ ಫಲಕ ನನಗೆ ಕಾಣಲಿಲ್ಲ, ಆ ಅಧಿಕಾರಿ ಯಾರೆಂದು ಹೇಳುವವರೂ ಸಿಗಲಿಲ್ಲ. ಸಂಜೆಯವರೆಗೆ ಬೆಂಚಿನ ಮೇಲೆ ಕುಳಿತ ಆ ಮನೆಯವರು ಕೇಳುತ್ತಿದ್ದದ್ದು ದಾಖಲೆಯ ಪ್ರತಿಯನ್ನಲ್ಲ, ಹುಡುಗ ಅಲ್ಲಿದ್ದಾನೆಯೇ ಇಲ್ಲವೇ ಎಂಬ ಒಂದು ಮಾತನ್ನು.

ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹಕ್ಕೆ ಕಳುಹಿಸಿದ ನಂತರದ ಸ್ಥಿತಿ ತುಸು ಉತ್ತಮ. ಇ-ಪ್ರಿಸನ್ಸ್‌ನ ಇ-ಮುಲಾಕಾತ್ ಮೂಲಕ ಭೇಟಿಗೆ ಮೊದಲೇ ನೋಂದಾಯಿಸಿಕೊಳ್ಳಬಹುದು. ಆದರೆ ಅದು ಬಂದಿಯ ಹೆಸರು, ತಂದೆಯ ಹೆಸರು, ವಯಸ್ಸು ಮತ್ತು ಕಾರಾಗೃಹ ಯಾವುದು ಎಂಬುದನ್ನು ನಮ್ಮಿಂದಲೇ ಕೇಳುತ್ತದೆ. ಆತ ಎಲ್ಲಿದ್ದಾನೆ ಎಂದು ಗೊತ್ತಿದ್ದವರಿಗೆ ಮಾತ್ರ ಅದು ನೆರವಾಗುತ್ತದೆ. ಅದೇ ವ್ಯವಸ್ಥೆಯ ಸಾರ್ವಜನಿಕ ಪುಟ ಮುಖ್ಯವಾಗಿ ಅಂಕಿಅಂಶಗಳನ್ನು ತೋರಿಸಲು ಇರುವಂಥದ್ದು. ನ್ಯೂಯಾರ್ಕ್ ನಗರದಲ್ಲಿ ಕಸ್ಟಡಿಯಲ್ಲಿರುವವರನ್ನು ಹೆಸರಿನಿಂದ ಹುಡುಕುವ ಸೇವೆ ಎಲ್ಲರಿಗೂ ತೆರೆದಿದೆ, ನಮಗೂ ಅಂಥದ್ದು ಬೇಕು ಎಂದು ಅಲ್ಲಿ ನೆಲೆಸಿದ ಕನ್ನಡಿಗರು ಹೇಳುವುದನ್ನು ಕೇಳಿದ್ದೇನೆ. ನಾನು ಅಷ್ಟು ದೂರ ಹೋಗಲಾರೆ. 2022ರ ಕೊನೆಯಲ್ಲಿ ದೇಶದ ಕಾರಾಗೃಹಗಳಲ್ಲಿದ್ದವರಲ್ಲಿ ಶೇ 75.8ರಷ್ಟು ಮಂದಿ ವಿಚಾರಣಾಧೀನರು. ತಪ್ಪು ಸಾಬೀತಾಗದ ಅಷ್ಟು ಜನರ ಹೆಸರುಗಳನ್ನು ನೆರೆಹೊರೆಯವರ ಕುತೂಹಲಕ್ಕೆ ಒಡ್ಡುವುದು ಅನ್ಯಾಯ, ಒಮ್ಮೆ ಹರಡಿದ ಮಾಹಿತಿಯನ್ನು ಮರಳಿ ಪಡೆಯುವುದೂ ಅಸಾಧ್ಯ. ಬಂಧಿತನ ಹೆಸರು, ತಂದೆಯ ಹೆಸರು, ವಯಸ್ಸನ್ನು ಕೊಟ್ಟು, ತಮ್ಮ ಮೊಬೈಲ್ ಸಂಖ್ಯೆಯನ್ನು ದೃಢೀಕರಿಸಿದವರಿಗೆ ಆತ ಇರುವ ಠಾಣೆ ಅಥವಾ ಕಾರಾಗೃಹದ ಹೆಸರನ್ನಷ್ಟೇ ತಿಳಿಸುವ ಒಂದು ಪುಟವಿದ್ದರೆ ಸಾಕು. ಅದಕ್ಕೆ ಬೇಕಾದ ಮಾಹಿತಿಯೆಲ್ಲ ಪೊಲೀಸರ ಮತ್ತು ಕಾರಾಗೃಹದ ಕಂಪ್ಯೂಟರುಗಳಲ್ಲಿ ಈಗಾಗಲೇ ಇದೆ.

ಅಂಥ ಪುಟ ಬರುವವರೆಗೆ, ಮನೆಯವರೊಬ್ಬರ ಸುಳಿವು ಸಿಗದೆ ಕಂಗಾಲಾದವರು ಜಾಲತಾಣಗಳಲ್ಲಿ ಸಮಯ ಕಳೆಯಬಾರದು. ಬಂಧಿಸಿದವರನ್ನು 24 ಗಂಟೆಗಳೊಳಗೆ, ಪ್ರಯಾಣದ ಅವಧಿಯನ್ನು ಹೊರತುಪಡಿಸಿ, ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲೇಬೇಕು. ಕಾನೂನು ಸೇವಾ ಪ್ರಾಧಿಕಾರದ 15100 ಸಂಖ್ಯೆಗೆ ಕರೆ ಮಾಡಬಹುದು, ಇಲ್ಲವೇ ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿರುವ ರಾಜ್ಯ ಪ್ರಾಧಿಕಾರದ ಕಚೇರಿಗೆ ಹೋಗಬಹುದು. ಹಾಜರುಪಡಿಸಲಾದ ಬಂಧಿತರ ಪರವಾಗಿ ನಿಲ್ಲಲು ಮ್ಯಾಜಿಸ್ಟ್ರೇಟ್ ನ್ಯಾಯಾಲಯಗಳಿಗೆ ಪ್ರಾಧಿಕಾರ ನೇಮಿಸಿರುವ ರಿಮಾಂಡ್ ವಕೀಲರಿಗೆ ಹೆಸರು, ತಂದೆಯ ಹೆಸರು ಮತ್ತು ಕರೆದುಕೊಂಡು ಹೋದ ಬಡಾವಣೆಯನ್ನು ತಿಳಿಸಿದರೆ, ಪೊಲೀಸರು ಸಲ್ಲಿಸಿರುವ ರಿಮಾಂಡ್ ಅರ್ಜಿಗಳಲ್ಲಿ ಅವರು ನೋಡಿ ಹೇಳಬಲ್ಲರು. ಈ ನೆರವಿಗೆ ಶುಲ್ಕವಿಲ್ಲ.